ಉಪ್ಪಿನ ರಸ್ತೆಯಲ್ಲಿ ಹೊಸ ಕಾರು

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದಲ್ಲಿರುವ ಮಿಷಿಗನ್ ರಾಜ್ಯದಿಂದ ದಕ್ಷಿಣ ತುದಿಯ ಫ್ಲಾರಿಡಾ ರಾಜ್ಯಕ್ಕೆ ಚಳಿಗಾಲದಲ್ಲಿ ಕಾರು ಹೂಡಿಕೊಂಡು ಹೊರಡುವವರು ಬಹಳ ಮಂದಿ. ಮನೆಯ ಮುಂದೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಬಿಸಿಲು ಕಾಯಿಸಿಕೊಳ್ಳುವ ಆಸೆ ಯಾರಿಗಿರುವುದಿಲ್ಲ? ಇಂಟರ್‌ಸ್ಟೇಟ್ 75 ಎಂಬ ಹೆದ್ದಾರಿ ಕೆನಡದ ಗಡಿಯಿಂದ ಹೊರಟು ಸುಮಾರು 2,870 ಕಿಲೋಮೀಟರ್ ಸಾಗಿ ಮಯಾಮಿ ನಗರದ ಹತ್ತಿರಕ್ಕೆ ಮುಟ್ಟುತ್ತದೆ. ಹೊಸ ಕಾರು ಕೊಂಡವರು ಈ ದಾರಿ ಹಿಡಿಯುವ ಮೊದಲು ಅದನ್ನು ತೊಳೆದು, ಒಣಗಿಸಿ, ಮೈಗೆಲ್ಲ ಮೇಣ ತಿಕ್ಕುತ್ತಾರೆ. ಬಾನೆಟ್ಟಿನ ಮೇಲೆ ಎಲ್ಲಾದರೂ ಕಲ್ಲು ಬಡಿದು ಬಣ್ಣ ಎದ್ದಿದೆಯೇ ಎಂದು ಬಗ್ಗಿ ನೋಡುತ್ತಾರೆ. ಎದ್ದಿದ್ದರೆ ಸಣ್ಣ ಕುಂಚದಿಂದ ಆ ಚುಕ್ಕೆಯನ್ನು ಮುಚ್ಚುತ್ತಾರೆ.

ಇದನ್ನು ನೋಡಿದವರಿಗೆ ಶ್ರೀಮಂತರ ಶೋಕಿ ಎನ್ನಿಸಬಹುದು. ಆದರೆ ಈ ಚುಕ್ಕೆಯ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ಕಾರಿನ ಬಣ್ಣಕ್ಕೆ ಚಳಿಗಾಲದಲ್ಲಿ ನಿಜವಾದ ಶತ್ರು ಹಿಮವಲ್ಲ, ಚಳಿಯೂ ಅಲ್ಲ. ಮನುಷ್ಯನೇ ತನ್ನ ಪ್ರಾಣ ಉಳಿಸಿಕೊಳ್ಳಲು ರಸ್ತೆಗೆ ಚೆಲ್ಲಿದ ಉಪ್ಪು. ಆ ಉಪ್ಪು ರಸ್ತೆಗೆ ಬಂದದ್ದು ಯಾವಾಗ, ಏಕೆ, ಅದರಿಂದಾಗಿ ಕಾರಿನ ಮೈಬಣ್ಣ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ನೋಡೋಣ.

ಮೋಟಾರು ವಾಹನದ ಮೊದಲ ದಿನಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಬಂಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಆಗಿನ ಕಾರೆಂದರೆ ಕುದುರೆಯಿಲ್ಲದ ಸಾರೋಟು. ಅದಕ್ಕೆ ಬಣ್ಣ ಬಳಿಯುವವರೂ ಸಾರೋಟಿಗೆ ಬಣ್ಣ ಬಳಿಯುತ್ತಿದ್ದವರೇ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವನ್ನು ಕುಂಚದಿಂದ ಹಚ್ಚುವುದು, ಒಣಗಲು ಬಿಡುವುದು, ಉಜ್ಜಿ ನುಣುಪು ಮಾಡುವುದು, ಮತ್ತೆ ಹಚ್ಚುವುದು, ಕೊನೆಗೆ ವಾರ್ನಿಶ್ ಕೊಡುವುದು. ಒಂದು ಒಳ್ಳೆಯ ಬಂಡಿಯ ಬಣ್ಣದ ಕೆಲಸ ಮುಗಿಯಲು ಹಲವು ವಾರಗಳೇ ಹಿಡಿಯುತ್ತಿದ್ದವು. ಇಷ್ಟು ಕಷ್ಟಪಟ್ಟು ಹಚ್ಚಿದ ಬಣ್ಣ ಒಂದೆರಡು ವರ್ಷಗಳಲ್ಲಿ ಹಳದಿಯಾಗಿ, ಬಿರುಕು ಬಿಡುತ್ತಿತ್ತು.

ಚಳಿಗಾಲದಲ್ಲಂತೂ ಕಾರುಗಳು ಹೊರಗೆ ಬರುತ್ತಲೇ ಇರಲಿಲ್ಲವೆನ್ನಬಹುದು. ಹೆಚ್ಚಿನವಕ್ಕೆ ಗಟ್ಟಿ ಮಾಡು ಇರಲಿಲ್ಲ. ಉತ್ತರದ ರಾಜ್ಯಗಳಲ್ಲಿ ಮಾಲೀಕರು ಮರದ ದಿಮ್ಮಿಗಳ ಮೇಲೆ ಕಾರನ್ನು ಎತ್ತಿ ನಿಲ್ಲಿಸಿ, ಕೊಟ್ಟಿಗೆಯ ಬಾಗಿಲು ಹಾಕಿಬಿಡುತ್ತಿದ್ದರು. ಹಿಮದ ರಸ್ತೆಯಲ್ಲಿ ಓಡುತ್ತಿದ್ದುದು ಕುದುರೆ ಎಳೆಯುವ, ಚಕ್ರವಿಲ್ಲದ ಜಾರುಬಂಡಿ. ಜಾರುಬಂಡಿಗೆ ಹಿಮ ಬೇಕೇ ಬೇಕು. ಆದ್ದರಿಂದ ನ್ಯೂ ಇಂಗ್ಲೆಂಡ್ ಪ್ರಾಂತದ ಹಳ್ಳಿಗಳಲ್ಲಿ ಹಿಮವನ್ನು ತೆಗೆದುಹಾಕುವ ಬದಲು ಮರದ ದೊಡ್ಡ ಉರುಳೆಗಳಿಂದ ಅದಮಿ ಗಟ್ಟಿ ಮಾಡುತ್ತಿದ್ದರು. ಮಾಡು ಇದ್ದ ಮರದ ಸೇತುವೆಗಳ ಒಳಗೆ ಹಿಮ ಬೀಳುವುದಿಲ್ಲವಲ್ಲ, ಅಲ್ಲಿಗೆ ಸಲಿಕೆಯಿಂದ ಹಿಮ ತಂದು ಸುರಿಯುವುದೂ ಇತ್ತು! ರಸ್ತೆಯ ಹಿಮ ಒಂದು ಕಾಲಕ್ಕೆ ಸೌಕರ್ಯವಾಗಿತ್ತು, ಕಾರು ಬಂದ ಮೇಲೆ ಅದೇ ಅಡ್ಡಿಯಾಯಿತು.

ಕಾರಿನ ಸಂಖ್ಯೆ ಬೆಳೆಯಲು ಬಣ್ಣವೇ ಒಂದು ತಡೆಯಾಗಿತ್ತು ಎಂಬುದು ಅಷ್ಟಾಗಿ ತಿಳಿಯದ ಸಂಗತಿ. ಹೆನ್ರಿ ಫೋರ್ಡ್ 1913ರಲ್ಲಿ ತನ್ನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ. ಕಾರಿನ ಬಿಡಿಭಾಗಗಳ ಜೋಡಣೆ ಗಂಟೆಗಳಲ್ಲಿ ಮುಗಿಯುವಾಗ ಬಣ್ಣಕ್ಕಾಗಿ ವಾರಗಟ್ಟಲೆ ಕಾಯುವುದು ಹೇಗೆ? 1914ರಿಂದ 1925ರವರೆಗೆ ಫೋರ್ಡಿನ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. ಡಾಂಬರಿನ ಜಾತಿಯ ವಸ್ತು ಬೆರೆತ ಆ ಕಪ್ಪು ಎನಾಮೆಲ್ ಅಗ್ಗವಾಗಿತ್ತು, ಗಟ್ಟಿಯಾಗಿತ್ತು, ಒಲೆಯಲ್ಲಿ ಬೇಯಿಸಿದರೆ ಬೇಗ ಒಣಗುತ್ತಿತ್ತು. ನಾವು ಇದನ್ನು ಫೋರ್ಡನ ಹಟವೆಂದು ಕೇಳಿ ನಗುತ್ತೇವೆ. ಅದು ಹಟಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ.

ಈ ಗಂಟನ್ನು ಬಿಡಿಸಿದ್ದು ಸಿಡಿಮದ್ದಿನ ಕಾರ್ಖಾನೆ ಎಂದರೆ ನಿಮಗೆ ಆಶ್ಚರ್ಯವಾದೀತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ಸಿಗುವ ನೈಟ್ರೋಸೆಲ್ಯುಲೋಸ್‌ನಿಂದ ಮದ್ದು ಮಾಡುತ್ತಿದ್ದರು, ಚಲನಚಿತ್ರದ ಫಿಲಂ ಮಾಡುತ್ತಿದ್ದರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಡ್ಯುಪಾಂಟ್ ಕಂಪನಿಯ ರಸಾಯನತಜ್ಞರು 1920ರಲ್ಲಿ ಇದೇ ವಸ್ತುವಿನಿಂದ ಗಟ್ಟಿಯಾದ, ಆದರೆ ತೆಳುವಾಗಿ ಹರಿಯುವ ಲ್ಯಾಕರ್ ಒಂದನ್ನು ಪಡೆದರು. ಡ್ಯೂಕೋ ಎಂಬ ಹೆಸರಿನ ಈ ಬಣ್ಣವನ್ನು ಗಾಳಿಯ ಒತ್ತಡದಿಂದ ಸಿಂಪಡಿಸಬಹುದಾಗಿತ್ತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ನೀಲಿ ಡ್ಯೂಕೋ ಹಚ್ಚಿ, 1924ರ ಮಾದರಿಯೆಂದು ಮಾರಾಟಕ್ಕೆ ಇಟ್ಟಿತು. ಫೋರ್ಡಿನ ಕಪ್ಪು ಮುಂದಿನ ಒಂದೆರಡು ವರ್ಷಗಳಲ್ಲಿ ಕೊನೆಗೊಂಡಿತು. ಲ್ಯಾಕರ್ ಎಂಬ ಪದದ ಬೇರು ನಮ್ಮ ‘ಲಾಕ್ಷಾ’, ಅಂದರೆ ಅರಗು. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅದೇ ಅರಗಿನ ಹೆಸರು ಐರೋಪ್ಯ ಭಾಷೆಗಳನ್ನು ಹಾದು ಅಮೆರಿಕದ ಕಾರಿಗೆ ಅಂಟಿಕೊಂಡಿತು, ಅರಗು ಮಾತ್ರ ಅದರಲ್ಲಿ ಇರಲಿಲ್ಲ.

ಲ್ಯಾಕರಿಗೆ ತಾನಾಗಿಯೇ ಹೊಳಪು ಬರುತ್ತಿರಲಿಲ್ಲ. ಉಜ್ಜಬೇಕು, ಮೇಣ ಹಾಕಬೇಕು. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಕಾರ್ನೂಬಾ ಎಂಬ ತಾಳೆಯ ಜಾತಿಯ ಮರದ ಎಲೆಗಳ ಮೇಲೆ ಗಟ್ಟಿ ಮೇಣ ಕಟ್ಟುತ್ತದೆ. ಅದು ಕರಗಬೇಕಾದರೆ 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಬಿಸಿಲಿಗೆ ಕರಗದ, ನೀರನ್ನು ಹನಿಹನಿಯಾಗಿ ಜಾರಿಸುವ ಈ ಮೇಣ ಕಾರು ಮಾಲೀಕರ ಕೈಗೆ ಬಂತು. ಸಿಮೋನಿಜ್ ಎಂಬ ಕಂಪನಿಯ ಹೆಸರು ಎಷ್ಟು ಬಳಕೆಯಾಯಿತೆಂದರೆ ಕಾರಿಗೆ ಮೇಣ ತಿಕ್ಕುವ ಕೆಲಸಕ್ಕೇ ಇಂಗ್ಲಿಷಿನಲ್ಲಿ ಅದು ಕ್ರಿಯಾಪದವಾಯಿತು. ಚಳಿಗಾಲಕ್ಕೆ ಮುನ್ನ ಮೇಣ ಹಾಕುವ ಪದ್ಧತಿಯ ಮೂಲ ಈ ಲ್ಯಾಕರ್ ಕಾಲದಲ್ಲಿದೆ.

ಈ ಹೊತ್ತಿಗೆ ದೂರ ಪ್ರಯಾಣವೂ ಆರಂಭವಾಗಿತ್ತು. ಇಂಡಿಯಾನಾಪೊಲಿಸ್ ನಗರದ ಉದ್ಯಮಿ ಕಾರ್ಲ್ ಫಿಷರ್ 1914ರಲ್ಲಿ ಉತ್ತರದಿಂದ ಫ್ಲಾರಿಡಾಕ್ಕೆ ಡಿಕ್ಸಿ ಹೈವೇ ಎಂಬ ಹೆದ್ದಾರಿಯ ಯೋಜನೆಯನ್ನು ಮುಂದಿಟ್ಟ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಹೀಗೆ ಕಾರಿನಲ್ಲಿ ಬಂದು ಗುಡಾರ ಹೊಡೆದವರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನೇ ಕಟ್ಟಿಕೊಂಡರು. ಡಬ್ಬಿಯ ಆಹಾರ ತಿಂದು ಪ್ರವಾಸ ಮಾಡುವವರೆಂಬ ಹಾಸ್ಯ ಆ ಹೆಸರಿನಲ್ಲಿದೆ. ಮಾಡು ಮುಚ್ಚಿದ ಕಾರುಗಳು ಸಾಮಾನ್ಯವಾದ ಮೇಲೆ ಚಳಿಗಾಲದಲ್ಲೂ ಓಡಾಟ ನಿಲ್ಲಲಿಲ್ಲ. ಹಿಮ ತೆಗೆದ ರಸ್ತೆಯ ಮೇಲೆ ಮರಳು, ಕಲ್ಲಿದ್ದಲಿನ ಬೂದಿ ಚೆಲ್ಲುತ್ತಿದ್ದರು. ಮರಳಿನ ರಾಶಿ ಹೆಪ್ಪುಗಟ್ಟದಿರಲೆಂದು ಅದಕ್ಕೆ ಸ್ವಲ್ಪ ಉಪ್ಪು ಬೆರೆಸುವುದಿತ್ತು. ಬರಿಯ ಉಪ್ಪನ್ನೇ ರಸ್ತೆಗೆ ಹಾಕಿ ನೋಡೋಣವೆಂದು 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪ್ರಯೋಗ ಮಾಡಿತು. 1941-42ರ ಚಳಿಗಾಲದಲ್ಲಿ ಅದನ್ನೇ ತನ್ನ ಸಾಮಾನ್ಯ ನೀತಿಯಾಗಿ ಅಂಗೀಕರಿಸಿತು. ಆ ವರ್ಷ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್.

ಉಪ್ಪು ಮಂಜುಗಡ್ಡೆಯನ್ನು ಹೇಗೆ ಕರಗಿಸುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಕೈಯಿಂದ ತಿರುಗಿಸುವ ಐಸ್‌ಕ್ರೀಂ ಯಂತ್ರದ ಸುತ್ತ ಐಸಿಗೆ ಉಪ್ಪು ಹಾಕುವುದೂ ಇದೇ ತತ್ತ್ವದಿಂದಲೇ. ಉಪ್ಪುನೀರು ಶೂನ್ಯ ಡಿಗ್ರಿಗಿಂತ ಕೆಳಗೂ ದ್ರವವಾಗಿರುತ್ತದೆ. ಪ್ರಯೋಗಶಾಲೆಯಲ್ಲಿ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೆ ಹೋಗಬಹುದಾದರೂ, ರಸ್ತೆಯ ಮೇಲೆ ಸೊನ್ನೆಗಿಂತ 9 ಡಿಗ್ರಿ ಕೆಳಗಾದರೆ ಉಪ್ಪಿನ ಕೆಲಸ ಬಹಳ ನಿಧಾನ. ಅದಕ್ಕಿಂತ ಹೆಚ್ಚು ಚಳಿಯಿದ್ದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಜನ ನಗರದ ಹೊರವಲಯಕ್ಕೆ ಹೋಗಿ ನೆಲೆಸಿದರು. ಕೆಲಸಕ್ಕೆ ಹೋಗಲು ಕಾರು ಬೇಕು, ಅದೂ ಪ್ರತಿದಿನ. 1956ರಲ್ಲಿ ಅಂತರ-ರಾಜ್ಯ ಹೆದ್ದಾರಿಗಳ ಕಾನೂನು ಬಂತು. ಹಿಮ ಬಿದ್ದರೂ ಕೆಲವೇ ಗಂಟೆಗಳಲ್ಲಿ ರಸ್ತೆ ಕಪ್ಪಗೆ ಕಾಣಬೇಕು ಎಂಬ ನಿರೀಕ್ಷೆ ಬೆಳೆಯಿತು. ಹೆದ್ದಾರಿಗೆ ಸುರಿದ ಉಪ್ಪು 1955ರಲ್ಲಿ 10 ಲಕ್ಷ ಟನ್ನಿಗಿಂತ ಕಡಿಮೆಯಿತ್ತು. ಮುಂದಿನ ಹದಿನೈದು ವರ್ಷಗಳೊಳಗೆ ಅದು 1 ಕೋಟಿ ಟನ್ನಿನ ಹತ್ತಿರ ಬಂತು. ಉಪ್ಪಿಗೆ ಕೊರತೆಯೇನೂ ಇರಲಿಲ್ಲ. ಪ್ರಾಚೀನ ಸಮುದ್ರವೊಂದು ಬತ್ತಿ ಉಳಿದ ಉಪ್ಪಿನ ಹಾಸು ಮಿಷಿಗನ್ನಿನ ನೆಲದ ಕೆಳಗಿದೆ. ಕಾರುಗಳ ರಾಜಧಾನಿಯೆನಿಸಿದ ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಮುನ್ನೂರು ಮೀಟರಿಗೂ ಹೆಚ್ಚಿನ ಆಳದಲ್ಲಿ, 1910ರ ಸುಮಾರಿನಿಂದ ಉಪ್ಪಿನ ಗಣಿಯಿದೆ. ಮೇಲೆ ಕಾರು ತಯಾರಿಸುವ ನಗರ, ಕೆಳಗೆ ಅದನ್ನು ತಿನ್ನುವ ವಸ್ತು. ಈ ಗಣಿ 1983ರಲ್ಲಿ ಮುಚ್ಚಿತು, 1998ರಲ್ಲಿ ಮತ್ತೆ ತೆರೆಯಿತು. ತೆರೆದದ್ದು ರಸ್ತೆಯ ಉಪ್ಪಿಗಾಗಿಯೇ.

ಉಪ್ಪು ಬಣ್ಣವನ್ನು ತಿನ್ನುತ್ತದೆ ಎಂದು ಜನ ಹೇಳುವುದುಂಟು. ಸರಿಯಾಗಿ ಹೇಳಬೇಕೆಂದರೆ ಅದು ತಿನ್ನುವುದು ಬಣ್ಣದ ಕೆಳಗಿನ ಉಕ್ಕನ್ನು. ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ನೀರಿನಲ್ಲಿ ಉಪ್ಪು ಬೆರೆತರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಲೋಹದ ಮೇಲೆ ಪುಟ್ಟ ಪುಟ್ಟ ಬ್ಯಾಟರಿಗಳೇ ಏರ್ಪಟ್ಟಂತಾಗುತ್ತದೆ. ಲಾರಿಯ ಚಕ್ರದಿಂದ ಸಿಡಿದ ಒಂದು ಜಲ್ಲಿಕಲ್ಲು ಬಾನೆಟ್ಟಿಗೆ ಬಡಿದು ಸಾಸಿವೆಯಷ್ಟು ಬಣ್ಣ ಎಬ್ಬಿಸಿದರೆ ಸಾಕು, ಅಲ್ಲಿಂದ ಒಳಗೆ ದಾರಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಸುತ್ತಲಿನ ಬಣ್ಣವನ್ನು ಗುಳ್ಳೆಯಂತೆ ಎತ್ತುತ್ತದೆ. ಗುಳ್ಳೆಯ ಕೆಳಗೆ ಮತ್ತೆ ಉಪ್ಪುನೀರು. ಇನ್ನೊಂದು ವಿಚಿತ್ರವುಂಟು. ಉಪ್ಪು ಮೆತ್ತಿದ ಕಾರನ್ನು ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಅದು ಹೊರಗೆ ಚಳಿಯಲ್ಲಿ ನಿಂತದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ! ರಾಸಾಯನಿಕ ಕ್ರಿಯೆ ಶಾಖದಲ್ಲಿ ಚುರುಕಾಗುತ್ತದೆ; ಹೆಪ್ಪುಗಟ್ಟಿದ್ದ ಉಪ್ಪಿನ ಕೆಸರು ಕರಗಿ ಸಂದುಗೊಂದುಗಳಿಗೆ ಇಳಿಯುತ್ತದೆ. ತೊಳೆಯದೆ ಒಳಗಿಟ್ಟ ಪ್ರೀತಿ ಕಾರಿಗೆ ಮುಳುವಾಗುತ್ತದೆ.

1960ರ ಮತ್ತು 1970ರ ದಶಕಗಳಲ್ಲಿ ಉತ್ತರ ಅಮೆರಿಕದಲ್ಲಿ ಮೂರು ನಾಲ್ಕು ಚಳಿಗಾಲ ಕಳೆಯುವುದರೊಳಗೆ ತೂತು ಬಿದ್ದ ಕಾರುಗಳು ಸಾಮಾನ್ಯ ನೋಟವಾಗಿದ್ದವು. ಸಾಲ ತೀರುವ ಮುನ್ನವೇ ಕಾರು ತೀರಿಹೋಗುತ್ತಿತ್ತು. ದುಡಿದು ತಿನ್ನುವವನಿಗೆ ಮನೆಯ ನಂತರದ ದೊಡ್ಡ ಖರ್ಚೆಂದರೆ ಕಾರು. ಕೆನಡದಲ್ಲಿ ಫೋರ್ಡ್ ಕಾರುಗಳ ಮಾಲೀಕರು ತುಕ್ಕಿನ ವಿರುದ್ಧ ಸಂಘ ಕಟ್ಟಿಕೊಂಡು ಕಂಪನಿಯೊಂದಿಗೆ ಹೋರಾಡಿದರು. ಕೊಳ್ಳುವವರ ಸಿಟ್ಟು ಇಲ್ಲದಿದ್ದರೆ ಮುಂದಿನ ಸುಧಾರಣೆಗಳು ಇಷ್ಟು ಬೇಗ ಬರುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಸುಧಾರಣೆಗೆ ಬೇಕಾದ ವಿದ್ಯೆ ಆಗಲೇ ಹುಟ್ಟಿತ್ತು. ಫೋರ್ಡ್ ಕಂಪನಿಯ ರಸಾಯನತಜ್ಞ ಜಾರ್ಜ್ ಬ್ರೂವರ್ 1960ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಹೀಗಿದೆ. ಕಾರಿನ ಇಡೀ ಒಡಲನ್ನು ಬಣ್ಣ ಬೆರೆತ ನೀರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ಬಣ್ಣದ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಸಿಕ್ಕು ಲೋಹಕ್ಕೆ ಅಂಟುತ್ತವೆ. ಕುಂಚ ಹೋಗದ, ಸಿಂಪಡಿಕೆ ತಲುಪದ ಮೂಲೆಗೂ ಬಣ್ಣ ಹೋಗುತ್ತದೆ. ಮೊದಲು ಕಾರಿನ ಒಡಲನ್ನು ಧನ ಧ್ರುವವಾಗಿಸುತ್ತಿದ್ದರು. ಆಗ ಉಕ್ಕು ಸ್ವಲ್ಪ ಕರಗಿ ಬಣ್ಣದಲ್ಲಿ ಸೇರುತ್ತಿತ್ತು. 1970ರ ದಶಕದಲ್ಲಿ ಪಿಪಿಜಿ ಕಂಪನಿ ಅದನ್ನು ತಿರುಗಿಸಿ ಒಡಲನ್ನೇ ಋಣ ಧ್ರುವವಾಗಿಸಿತು. ತುಕ್ಕು ತಡೆಯುವ ಶಕ್ತಿ ಬಹಳ ಹೆಚ್ಚಿತು. ಈ ಸ್ನಾನಕ್ಕೆ ಮೊದಲು ಇನ್ನೊಂದು ಸ್ನಾನವುಂಟು, ಫಾಸ್ಫೇಟ್ ದ್ರಾವಣದ್ದು. ಅದು ಉಕ್ಕಿನ ಮೇಲೆ ಫಾಸ್ಫೇಟಿನ ಅತಿ ತೆಳುವಾದ ಹರಳಿನ ಪದರವನ್ನು ಕಟ್ಟುತ್ತದೆ. ಈ ಫಾಸ್ಫೇಟನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಅದರ ಮಾತು ಮತ್ತೆ ಬರುತ್ತದೆ.

ತೊಟ್ಟಿಯಲ್ಲಿ ಮುಳುಗಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ ಎಂಬುದಕ್ಕೆ ಷೆವ್ರಲೆ ವೇಗಾ ಎಂಬ ಕಾರು ಸಾಕ್ಷಿ. ವೇಗಾ ಎಂದರೆ ನಮ್ಮ ಅಭಿಜಿತ್ ನಕ್ಷತ್ರ. ಜನರಲ್ ಮೋಟಾರ್ಸ್ 1970ರಲ್ಲಿ ಬಹಳ ನಿರೀಕ್ಷೆಯಿಂದ ಬಿಡುಗಡೆ ಮಾಡಿದ ಈ ಚಿಕ್ಕ ಕಾರಿನ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸುವಾಗ ಮುಂದಿನ ಮಡ್‌ಗಾರ್ಡುಗಳ ಹಿಂದೆ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಳ್ಳುತ್ತಿತ್ತು. ಗಾಳಿ ಇದ್ದಲ್ಲಿಗೆ ಬಣ್ಣ ಹೋಗಲಿಲ್ಲ. ಚಕ್ರದ ಮೇಲ್ಭಾಗಕ್ಕೆ ಒಳಗಿನಿಂದ ಮರೆಯಾಗಿ ಒಂದು ಪ್ಲಾಸ್ಟಿಕ್ ತಗಡನ್ನಾದರೂ ಕೂರಿಸಬಹುದಿತ್ತು. ಖರ್ಚು ಉಳಿಸಲೆಂದು ಮೊದಲಲ್ಲಿ ಅದನ್ನೂ ಬಿಟ್ಟಿದ್ದರು. ಚಕ್ರ ಎರಚಿದ ಉಪ್ಪುಕೆಸರು ನೇರವಾಗಿ ಬರಿಯ ಉಕ್ಕಿನ ಮೇಲೆ ಬಿತ್ತು. ಕೊನೆಗೆ ಕಂಪನಿ ಸಾವಿರಾರು ಕಾರುಗಳ ಮಡ್‌ಗಾರ್ಡುಗಳನ್ನು ತನ್ನ ಖರ್ಚಿನಲ್ಲಿಯೇ ಬದಲಿಸಿ ಕೊಡಬೇಕಾಯಿತು.

ಇನ್ನೊಂದು ದಾರಿ ಹಿಡಿದವರು ಜರ್ಮನಿಯವರು. ಪೋರ್ಷೆ ಕಂಪನಿ 1976ರ ಮಾದರಿಯಿಂದ ತನ್ನ 911 ಕಾರಿನ ಉಕ್ಕಿಗೆ ಸತುವಿನ ಲೇಪ ಕೊಟ್ಟು, ತುಕ್ಕಿನ ವಿರುದ್ಧ 6 ವರ್ಷಗಳ ಖಾತರಿ ನೀಡಿತು. 1980ರ ದಶಕದ ಮಧ್ಯದಲ್ಲಿ ಆಡಿ ಕಂಪನಿಯೂ ಇದೇ ಹಾದಿ ತುಳಿಯಿತು. ಸತು ಉಕ್ಕಿಗೆ ಬರಿಯ ಹೊದಿಕೆಯಲ್ಲ. ಗೀರು ಬಿದ್ದಾಗ ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ನಮ್ಮ ಮನೆಗಳ ಸತುಲೇಪಿತ ಬಕೆಟ್ಟುಗಳಲ್ಲಿ ಇರುವ ಉಪಾಯವೂ ಇದೇ.

ಹೀಗೆ ಈಗಿನ ಕಾರಿನ ಮೈಮೇಲೆ ಸತು, ಫಾಸ್ಫೇಟ್, ವಿದ್ಯುತ್ತಿನಿಂದ ಅಂಟಿಸಿದ ಪ್ರೈಮರ್, ಅದರ ಮೇಲೆ ಇನ್ನೊಂದು ಅಸ್ತರು, ಆಮೇಲೆ ಬಣ್ಣ, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತವೆ. ಈ ಪಾರದರ್ಶಕ ಪದರ 1970ರ ದಶಕದ ನಂತರ ಬಳಕೆಗೆ ಬಂದದ್ದು. ಬಿಸಿಲಿನ ನೇರಳಾತೀತ ಕಿರಣಗಳನ್ನು ಅದು ತಡೆಯುತ್ತದೆ. ಉತ್ತರದ ಉಪ್ಪಿನಿಂದ ಹೊರಟು ಫ್ಲಾರಿಡಾದ ಬಿಸಿಲಿಗೆ ಮುಟ್ಟುವ ಕಾರಿಗೆ ಎರಡು ಬಗೆಯ ರಕ್ಷಣೆಯೂ ಬೇಕಲ್ಲವೇ? ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಹೊಸ ಕಾರಿಗೆ ಕೆಲವು ವಾರ ಮೇಣ ಹಾಕಬಾರದೆಂಬ ನಂಬಿಕೆ ಹಲವರಲ್ಲಿದೆ. ಬಣ್ಣದಂಗಡಿಯಲ್ಲಿ ಮರುಬಣ್ಣ ಹೊಡೆಸಿದ ಕಾರಿಗೆ ಆ ಮಾತು ಸರಿ, ಅದರೊಳಗಿನ ದ್ರಾವಕ ಆರಲು ಸಮಯ ಬೇಕು. ಕಾರ್ಖಾನೆಯ ಬಣ್ಣವನ್ನು ನೂರು ಡಿಗ್ರಿಗೂ ಮೀರಿದ ಒಲೆಯಲ್ಲಿ ಬೇಯಿಸಿರುತ್ತಾರೆ, ಅದಕ್ಕೆ ಈ ತಡೆ ಬೇಕಿಲ್ಲ.

ಕಲ್ಲಿನ ಏಟಿಗೆ ಮಾತ್ರ ಮೇಣವೂ ಸಾಲದು. ಒಂದು ಕಾಲಕ್ಕೆ ಕಾರಿನ ಮೂತಿಗೆ ಕಪ್ಪು ರೆಕ್ಸಿನ್ನಿನ ಮುಸುಕು ತೊಡಿಸುವುದು ರೂಢಿಯಾಗಿತ್ತು. ಮುಸುಕಿನ ಕೆಳಗೆ ನೀರು, ಉಪ್ಪಿನ ಧೂಳು ಸೇರಿ ಉಜ್ಜಿ, ಕಾಪಾಡಬೇಕಾದ ಬಣ್ಣವನ್ನೇ ಅದು ಕೆಡಿಸುತ್ತಿತ್ತು. ಈಗ ಅಂಟಿಸುವ ಪಾರದರ್ಶಕ ಪಾಲಿಯುರೆಥೇನ್ ಹಾಳೆಯ ಮೂಲ ಯುದ್ಧಭೂಮಿಯಲ್ಲಿದೆ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರುಗಳ ರೆಕ್ಕೆಯಲಗುಗಳು ಮರಳು, ಧೂಳಿಗೆ ಸವೆಯುತ್ತಿದ್ದುದನ್ನು ತಡೆಯಲು 3ಎಂ ಕಂಪನಿ ಮಾಡಿಕೊಟ್ಟ ಟೇಪು ಮುಂದೆ ಓಟದ ಕಾರುಗಳಿಗೆ, ಆಮೇಲೆ ಮನೆಯ ಕಾರುಗಳಿಗೆ ಬಂತು. ಇಷ್ಟೆಲ್ಲ ಇದ್ದರೂ ಚಳಿಗಾಲದ ದೂರಪ್ರಯಾಣದಲ್ಲಿ ಅತ್ಯಂತ ಅಗ್ಗದ ರಕ್ಷಣೆಯೆಂದರೆ ಮುಂದಿನ ಲಾರಿಯಿಂದ ದೂರವಿರುವುದು, ಮತ್ತು ನೀರು. ಎರಡು ಮೂರು ದಿನಕ್ಕೊಮ್ಮೆ ಕಾರಿನ ಅಡಿಭಾಗಕ್ಕೂ ರಭಸವಾಗಿ ನೀರು ಬಿಟ್ಟು ಉಪ್ಪನ್ನು ಹರಿಯಬಿಡಬೇಕು. ಒಣ ಬಟ್ಟೆಯಿಂದ ಒರೆಸಿದರೆ ಉಪ್ಪಿನ ಹರಳು, ಮರಳು ಸೇರಿ ಉಪ್ಪುಕಾಗದದಂತೆ ಗೀರುತ್ತವೆ.

ಕಾರಿನಿಂದ ತೊಳೆದ ಉಪ್ಪು, ರಸ್ತೆಯಿಂದ ಕರಗಿದ ಉಪ್ಪು ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ಅಲ್ಲಿಂದ ಹೊಳೆಗೆ, ಕೆರೆಗೆ, ಅಂತರ್ಜಲಕ್ಕೆ. ಅಮೆರಿಕದ ರಸ್ತೆಗಳಿಗೆ ಈಗ ಬೀಳುವ ಉಪ್ಪು ವರ್ಷಕ್ಕೆ ಸುಮಾರು 2 ಕೋಟಿ ಟನ್. ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಉಪ್ಪು ನಿಲ್ಲಿಸೋಣವೆಂದರೆ ಜಾರುವ ರಸ್ತೆಯಲ್ಲಿ ಪ್ರಾಣ ಹೋಗುತ್ತದೆ. ಒಣ ಉಪ್ಪಿನ ಬದಲು ಹಿಮ ಬೀಳುವ ಮೊದಲೇ ಉಪ್ಪುನೀರು ಸಿಂಪಡಿಸಿ ಪ್ರಮಾಣ ತಗ್ಗಿಸುವ ಪ್ರಯತ್ನ ನಡೆದಿದೆ. ಆ ಉಪ್ಪುನೀರು ಕಾರಿಗೆ ಇನ್ನೂ ಚೆನ್ನಾಗಿ ಅಂಟುತ್ತದೆ ಎಂಬುದು ಮಾಲೀಕರ ದೂರು.

ಇಂಟರ್‌ಸ್ಟೇಟ್ 75 ಹಾದುಹೋಗುವ ಊರುಗಳಲ್ಲಿ ಮಿಷಿಗನ್ನಿನ ಫ್ಲಿಂಟ್ ಒಂದು. ಜನರಲ್ ಮೋಟಾರ್ಸ್ 1908ರಲ್ಲಿ ಹುಟ್ಟಿದ್ದು ಅಲ್ಲಿಯೇ. ಸುಮಾರು ಒಂದು ಲಕ್ಷ ಜನರ ಆ ನಗರ ಹಣದ ಮುಗ್ಗಟ್ಟಿನಿಂದಾಗಿ 2014ರ ಏಪ್ರಿಲ್ ತಿಂಗಳಲ್ಲಿ ಡೆಟ್ರಾಯಿಟಿನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು, ಫ್ಲಿಂಟ್ ನದಿಯ ನೀರನ್ನು ಕುಡಿಯಲು ತೆಗೆದುಕೊಂಡಿತು. ಆ ನದಿಯಲ್ಲಿ ಕ್ಲೋರೈಡ್ ಹೆಚ್ಚು. ಅದರಲ್ಲಿ ರಸ್ತೆಯ ಉಪ್ಪಿನ ಪಾಲೂ ಇತ್ತು, ನೀರನ್ನು ತಿಳಿಗೊಳಿಸಲು ಹಾಕಿದ ಫೆರಿಕ್ ಕ್ಲೋರೈಡ್ ಅದನ್ನು ಇನ್ನಷ್ಟು ಏರಿಸಿತು. ಹಳೆಯ ಕೊಳವೆಗಳ ಒಳಮೈಗೆ ರಕ್ಷಣೆಯ ಪದರ ಕಟ್ಟುವುದಕ್ಕೆ ನೀರಿಗೆ ಸ್ವಲ್ಪ ಫಾಸ್ಫೇಟ್ ಬೆರೆಸಬೇಕಿತ್ತು. ಕಾರಿನ ಉಕ್ಕಿಗೆ ಕಾರ್ಖಾನೆಗಳು ಸಾಮಾನ್ಯವಾಗಿ ಕೊಡುವ ಫಾಸ್ಫೇಟನ್ನು ಊರಿನ ನೀರಿಗೆ ಹಾಕಲಿಲ್ಲ. ಕೊಳವೆಗಳು ಸವೆದು ಸೀಸ ನೀರಿಗೆ ಇಳಿಯಿತು, ಮಕ್ಕಳ ರಕ್ತದಲ್ಲಿ ಸೀಸ ಏರಿತು.

ಫ್ಲಿಂಟಿನಲ್ಲಿದ್ದ ಜನರಲ್ ಮೋಟಾರ್ಸ್‌ನ ಎಂಜಿನ್ ಕಾರ್ಖಾನೆಯೂ ಇದೇ ನೀರನ್ನು ಬಳಸುತ್ತಿತ್ತು. ಎಂಜಿನ್ನಿನ ಭಾಗಗಳು ತುಕ್ಕು ಹಿಡಿಯುತ್ತಿರುವುದು ಅಲ್ಲಿಯವರ ಗಮನಕ್ಕೆ ಬಂತು. 2014ರ ಅಕ್ಟೋಬರ್ ತಿಂಗಳಲ್ಲಿ ಕಾರ್ಖಾನೆ ನಗರದ ನೀರನ್ನು ನಿಲ್ಲಿಸಿ, ಪಕ್ಕದ ಫ್ಲಿಂಟ್ ಟೌನ್‌ಶಿಪ್‌ನಿಂದ ಹ್ಯೂರಾನ್ ಸರೋವರದ ನೀರನ್ನು ಪಡೆಯಲು ಅನುಮತಿ ಪಡೆಯಿತು. ಊರಿನ ಮನೆಗಳ ನಲ್ಲಿಗೆ ಆ ಸರೋವರದ ನೀರು ಮತ್ತೆ ಬಂದದ್ದು 2015ರ ಅಕ್ಟೋಬರ್‌ನಲ್ಲಿ, ಕಾರ್ಖಾನೆಗೆ ಅನುಮತಿ ಸಿಕ್ಕ ಒಂದು ವರ್ಷದ ನಂತರ.